ಮೊಹರಂಗೆ ಶುಭಾಶಯ ಹೇಳುವ ಮುನ್ನ

ರಾಜ್ಯ ಸರ್ಕಾರ ಪ್ರತಿವರ್ಷ ಹೊರಡಿಸುವ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಮುಸ್ಲಿಮರ ದಿನಗಳು ನಾಲ್ಕು: ಖುತುಬ್-ಎ-ರಂಜಾನ್, ಬಕ್ರೀದ್, ಮೊಹರಂ ಕಡೇ ದಿನ ಮತ್ತು ಈದ್ ಮಿಲಾದ್. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕಕ್ಕೂ ಒಂದೇ ಕೆಂಪು ಬಣ್ಣ. ಹಾಗಾಗಿ ನಾಲ್ಕೂ ಒಂದೇ ಬಗೆಯ ಹಬ್ಬಗಳೆಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಮೊಹರಂ ಬಂತೆಂದರೆ ಫೋನಿಗೆ ಹೂಗುಚ್ಛದ ಚಿತ್ರಗಳು ಬರುತ್ತವೆ. ವಾರ್ಡಿನ ಮುಖಂಡರು ಕೈಮುಗಿದು ನಗುತ್ತಿರುವ ಫ್ಲೆಕ್ಸ್‌ಗಳಲ್ಲಿ ‘ಹಬ್ಬದ ಹಾರ್ದಿಕ ಶುಭಾಶಯಗಳು’ ಇರುತ್ತದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಮೊಹರಂ ಕಡೇ ದಿನವೆಂದರೆ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರನ್ನು, ಅವರ ಮಕ್ಕಳು, ತಮ್ಮಂದಿರು, ಗೆಳೆಯರ ಸಮೇತ, ಕುಡಿಯಲು ನೀರು ಕೊಡದೆ ಕೊಂದ ದಿನ. ಕಪ್ಪು ಬಟ್ಟೆ ತೊಟ್ಟು ಅಳುತ್ತ ಕೂತವರ ಮನೆಗೆ ಹೋಗಿ ಶುಭವಾಗಲಿ ಎಂದು ಹೇಳಿ ಬಂದಂತಾಗುತ್ತದೆ.

ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ನಮಗೆ ಈ ವಿಷಯ ದೂರದ್ದಲ್ಲ. ಗಂಗಾನಗರ, ಸುಲ್ತಾನ್‌ಪಾಳ್ಯ, ಕಾವಲ್ ಬೈರಸಂದ್ರದ ಬೀದಿಗಳಲ್ಲಿ ಎರಡೂ ಧರ್ಮದವರ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿವೆ. ರಂಜಾನ್ ಬಂದರೆ ಶೀರ್‌ಖುರ್ಮಾ ಈಚೆ ಮನೆಗೆ ಬರುತ್ತದೆ, ಯುಗಾದಿಗೆ ಹೋಳಿಗೆ ಆಚೆ ಮನೆಗೆ ಹೋಗುತ್ತದೆ. ಊಟದ ವಿಷಯದಲ್ಲಿ ಇಷ್ಟು ಸಲಿಗೆಯಿರುವ ನಾವು ಪಕ್ಕದವರ ದುಃಖದ ದಿನ ಯಾವುದೆಂದು ತಿಳಿಯದೆ ಇರುವುದು ಸರಿಯಲ್ಲ.

ಮೊದಲು ದಿನಾಂಕದ ಲೆಕ್ಕ ನೋಡೋಣ. ಅಲ್ಲಿಂದಲೇ ಗೊಂದಲ ಶುರುವಾಗುವುದು. ಸರ್ಕಾರದ ರಜೆ ಪಟ್ಟಿಯ ಕೆಳಗೆ ಸಣ್ಣದೊಂದು ಸೂಚನೆ ಇರುತ್ತದೆ: ಮುಸ್ಲಿಂ ಬಾಂಧವರ ಹಬ್ಬ ಪಟ್ಟಿಯಲ್ಲಿ ಹೇಳಿದ ದಿನ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಆ ರಜೆಯ ಬದಲು ಹಬ್ಬದ ದಿನವೇ ರಜೆ ಕೊಡಬಹುದು ಎಂದು. ಸರ್ಕಾರವೂ ಚಂದ್ರನಿಗೆ ಜಾಗ ಬಿಟ್ಟುಕೊಟ್ಟಿರುವ ಸಾಲು ಅದು. ಇಸ್ಲಾಮೀ ವರ್ಷ ಪೂರ್ತಿ ಚಂದ್ರನ ವರ್ಷ. ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ, ತಿಂಗಳು ಶುರುವಾಗುವುದು ಪಡುವಣದಲ್ಲಿ ಎಳೆ ಚಂದ್ರ ಕಂಡ ಮೇಲೆ. ಇಪ್ಪತ್ತೊಂಬತ್ತನೆಯ ಸಂಜೆ ಕಂಡರೆ ಸರಿ, ಕಾಣದಿದ್ದರೆ ತಿಂಗಳಿಗೆ ಮೂವತ್ತು ತುಂಬಿಸುತ್ತಾರೆ. ಹನ್ನೆರಡು ತಿಂಗಳು ಕೂಡಿದರೆ 354 ಅಥವಾ 355 ದಿನ. ನಮ್ಮ ಪಂಚಾಂಗವೂ ಚಾಂದ್ರಮಾನದ್ದೇ. ಆದರೆ ನಾವು ಎರಡೂವರೆ-ಮೂರು ವರ್ಷಕ್ಕೊಂದು ಅಧಿಕಮಾಸ ಸೇರಿಸಿ ಯುಗಾದಿಯನ್ನು ಮಾವು ಬೇವು ಚಿಗುರುವ ಕಾಲದಲ್ಲೇ ಹಿಡಿದಿಟ್ಟುಕೊಳ್ಳುತ್ತೇವೆ. ಇಸ್ಲಾಮೀ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಒಮ್ಮೆ ಬಿರುಬೇಸಿಗೆಯಲ್ಲಿ ಉಪವಾಸ ಹಿಡಿದ ಹುಡುಗ ನಡುವಯಸ್ಸಿಗೆ ಬರುವಷ್ಟರಲ್ಲಿ ಅದೇ ಉಪವಾಸವನ್ನು ಮಾಗಿಯ ಚಳಿಯಲ್ಲೂ ಹಿಡಿದಿರುತ್ತಾನೆ.

ಒಂದೇ ಚಂದ್ರ ಆದ್ದರಿಂದ ಎರಡು ಪಂಚಾಂಗಗಳು ಆಗಾಗ ಕೈಕೈ ಹಿಡಿಯುತ್ತವೆ. 2025ರ ಮಾರ್ಚ್ 30ರಂದು ಯುಗಾದಿ. ಅಂದು ಸಂಜೆ ಚಂದ್ರದರ್ಶನಕ್ಕೆಂದು ತಾರಸಿ ಹತ್ತಿದವರೂ, ರಂಜಾನಿನ ಚಾಂದ್ ಕಾಣುತ್ತದೇನೋ ಎಂದು ತಾರಸಿ ಹತ್ತಿದವರೂ ಹುಡುಕಿದ್ದು ಒಂದೇ ಬೆಳ್ಳಿಗೆರೆಯನ್ನು. ಮರುದಿನ ಒಂದು ಮನೆಯಲ್ಲಿ ಹೊಸತೊಡಕು, ಪಕ್ಕದ ಮನೆಯಲ್ಲಿ ಈದ್. ಮೊಹರಂ ಕಡೇ ದಿನ, ಅಂದರೆ ಆ ತಿಂಗಳ ಹತ್ತನೆಯ ದಿನವೂ ಹೀಗೆಯೇ. ಎಳೆ ಚಂದ್ರ ಕಾಣುವುದು ಪಾಡ್ಯ ಬಿದಿಗೆಯ ಹೊತ್ತಿಗಾದ್ದರಿಂದ, ಅಲ್ಲಿಂದ ಎಣಿಸಿದ ಹತ್ತು ನಮ್ಮ ಶುಕ್ಲಪಕ್ಷದ ಏಕಾದಶಿಯ ಆಸುಪಾಸಿಗೆ ಬೀಳುತ್ತದೆ. 2024ರ ಜುಲೈ 17 ಆಷಾಢದ ಪ್ರಥಮೈಕಾದಶಿಯೂ ಹೌದು, ಮೊಹರಂ ಕಡೇ ದಿನವೂ ಹೌದು. 2025ರ ಜುಲೈ 6 ಮತ್ತೆ ಹಾಗೇ. 2026ಕ್ಕೆ ಅಧಿಕ ಜ್ಯೇಷ್ಠ ನಡುವೆ ಬರುವುದರಿಂದ ಈ ಜೋಡಿ ಬಿಡಿಸಿಕೊಳ್ಳುತ್ತದೆ. ಸತತ ಎರಡು ವರ್ಷ ಒಂದು ಮನೆಯವರು ವಿಠಲನ ಹೆಸರಲ್ಲಿ ಊಟ ಬಿಟ್ಟ ದಿನವೇ ಇನ್ನೊಂದು ಮನೆಯವರು ಹುಸೇನರ ಹೆಸರಲ್ಲಿ ಊಟ ಬಿಟ್ಟಿದ್ದರು. ಎಷ್ಟು ಜನ ಗಮನಿಸಿದೆವು?

ಚಂದ್ರ ಎಲ್ಲ ಊರಿನಲ್ಲೂ ಒಂದೇ ಸಂಜೆ ಕಾಣುವುದಿಲ್ಲ. ಮಂಗಳೂರು, ಉಡುಪಿ ಕಡೆಯವರು ಸಾಮಾನ್ಯವಾಗಿ ಕೇರಳದ ಕರಾವಳಿಯ ಚಂದ್ರದರ್ಶನವನ್ನು ಅನುಸರಿಸುತ್ತಾರೆ. 2024ರಲ್ಲಿ ಅವರಿಗೆ ಈದ್ ಏಪ್ರಿಲ್ 10ಕ್ಕೆ, ಬೆಂಗಳೂರಿಗೆ 11ಕ್ಕೆ. ಇದರಲ್ಲಿ ಜಗಳವೇನೂ ಇಲ್ಲ. ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರ ಏಕಾದಶಿ ಮರುದಿನ ಆಗುವುದನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಕ್ರೀದ್ ಮತ್ತು ಮೊಹರಂ ಕಡೇ ದಿನ ಎರಡೂ ಚಂದ್ರ ಕಂಡ ಹತ್ತನೆಯ ದಿನಕ್ಕೆ ಬರುವುದರಿಂದ ಮುಂಚೆಯೇ ಗೊತ್ತಾಗುತ್ತವೆ. ರಂಜಾನಿಗೆ ಮಾತ್ರ ಹಿಂದಿನ ರಾತ್ರಿಯವರೆಗೆ ಕಾಯಬೇಕು. ‘ನಾಳೆ ರಜೆಯೋ ಅಲ್ಲವೋ ಖಚಿತವಾಗಿ ಹೇಳಿ’ ಎಂದು ಸಹೋದ್ಯೋಗಿಯನ್ನು ಪೀಡಿಸುವ ಮೇಲಧಿಕಾರಿಗಳು ಇಷ್ಟನ್ನು ತಿಳಿದುಕೊಂಡರೆ ಸಾಕು.

ಇನ್ನು ಹುಸೇನರು ಮಡಿದ ಕರ್ಬಲಾದ ಕಥೆ. ಹಿಜರಿ 61ನೆಯ ವರ್ಷ, ಮೊಹರಂ ತಿಂಗಳು. ನಮ್ಮ ಲೆಕ್ಕಕ್ಕೆ ಕ್ರಿ.ಶ. 680ರ ಅಕ್ಟೋಬರ್. ಖಲೀಫ ಮುಆವಿಯಾ ತೀರಿಕೊಂಡು ಮಗ ಯಜೀದ್ ಗದ್ದುಗೆಗೆ ಬಂದಿದ್ದ. ಅವನಿಗೆ ನಿಷ್ಠೆಯ ಪ್ರಮಾಣ ಮಾಡಲು ಹುಸೇನ್ ಒಪ್ಪಲಿಲ್ಲ. ನೀವು ಬನ್ನಿ, ನಾವಿದ್ದೇವೆ ಎಂದು ಇರಾಕಿನ ಕೂಫಾ ಪಟ್ಟಣದಿಂದ ಓಲೆಗಳು ಬಂದವು. ಮುಂಚಿತವಾಗಿ ಹೋದ ಅವರ ಸೋದರಬಂಧು ಮುಸ್ಲಿಂ ಇಬ್ನ್ ಅಕೀಲರನ್ನು ಅಲ್ಲಿ ಕೊಂದರು. ಕರೆದವರು ಬಾಗಿಲು ಹಾಕಿಕೊಂಡರು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊರಟಿದ್ದ ಹುಸೇನರ ತಂಡವನ್ನು ಸೈನ್ಯ ಕರ್ಬಲಾದ ಬಯಲಿನಲ್ಲಿ ತಡೆಯಿತು. ಏಳನೆಯ ದಿನದಿಂದ ಯೂಫ್ರೆಟಿಸ್ ನದಿಯ ನೀರು ಬಂದ್. ಹುಸೇನರ ಕಡೆಯವರು ಎಪ್ಪತ್ತೆರಡು ಎಂಬುದು ಪರಂಪರೆಯ ಎಣಿಕೆ. ಎದುರಿಗಿದ್ದದ್ದು ಸಾವಿರಾರು ಮಂದಿಯ ಸೇನೆ. ಹತ್ತನೆಯ ದಿನ ಬೆಳಗಿನಿಂದ ಒಬ್ಬೊಬ್ಬರಾಗಿ ಬಿದ್ದರು. ಮಲತಮ್ಮ ಅಬ್ಬಾಸ್ ಮಕ್ಕಳಿಗೆ ನೀರು ತರಲು ತೊಗಲ ಚೀಲ ಹಿಡಿದು ನದಿಗೆ ಹೋದವರು ತೋಳು ಕಡಿಸಿಕೊಂಡು ಸತ್ತರು. ಆರು ತಿಂಗಳ ಕೂಸು ಅಲಿ ಅಸ್ಗರ್ ತಂದೆಯ ಕೈಯಲ್ಲೇ ಬಾಣಕ್ಕೆ ತುತ್ತಾಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹುಸೇನರೂ ಇರಲಿಲ್ಲ. ಕಾಯಿಲೆ ಬಿದ್ದಿದ್ದ ಮಗ ಜೈನುಲ್ ಆಬಿದೀನ್ ಉಳಿದುಕೊಂಡರು. ತಂಗಿ ಜೈನಬ್ ಸೆರೆಯಾಳಾಗಿ ಡಮಾಸ್ಕಸ್ಸಿನ ದರ್ಬಾರಿನಲ್ಲಿ ನಿಂತು ಯಜೀದನನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದರು. ಕರ್ಬಲಾ ಇಂದಿಗೂ ಮರೆಯದೆ ಉಳಿದಿರುವುದು ಆ ಹೆಣ್ಣುಮಗಳು ಸುಮ್ಮನಿರಲಿಲ್ಲ ಎನ್ನುವ ಕಾರಣಕ್ಕೆ ಎಂದೇ ನಾನು ನಂಬಿದ್ದೇನೆ.

ಈ ದುಃಖವನ್ನು ಇಡೀ ಬದುಕಿನ ಕೇಂದ್ರ ಮಾಡಿಕೊಂಡವರು ಶಿಯಾಗಳು. ಕರ್ನಾಟಕದಲ್ಲಿ ಅವರ ಬಹುದೊಡ್ಡ ನೆಲೆಯೊಂದಕ್ಕೆ ದಾರಿ ನಮ್ಮ ಯಲಹಂಕದ ಮೇಲೆಯೇ ಹಾದುಹೋಗುತ್ತದೆ. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆ ಹೊರಟರೆ, ತೊಂಡೇಭಾವಿಯ ಹತ್ತಿರ ಅಲೀಪುರ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು. ಊರಿನ ಬಹುಪಾಲು ಜನ ಶಿಯಾ ಮುಸ್ಲಿಮರು. ಹರಳು ಕಲ್ಲು ಉಜ್ಜಿ ಹೊಳಪು ಕೊಟ್ಟು ಮಾರುವ ಕಸುಬಿಗೆ ಹೆಸರಾದ ಊರು. ದುಡಿಮೆಗೆಂದು ಬೇರೆ ಬೇರೆ ಊರು, ದೇಶ ಸೇರಿದವರು ಮೊಹರಂಗೆ ಊರಿಗೆ ಮರಳುತ್ತಾರೆ. ನಮ್ಮವರು ಊರ ಜಾತ್ರೆಗೆ ತಪ್ಪದೆ ಹೋಗುವ ಹಾಗೆ ಅವರು ಈ ಹತ್ತು ದಿನದ ಶೋಕಕ್ಕೆ ತಪ್ಪದೆ ಹೋಗುತ್ತಾರೆ. ನಗರದೊಳಗೆ ಶಿಯಾಗಳ ಹಳೆಯ ನೆಲೆ ರಿಚ್ಮಂಡ್ ಟೌನ್, ಜಾನ್ಸನ್ ಮಾರುಕಟ್ಟೆಯ ಸುತ್ತು. ಅಲ್ಲಿರುವುದು ಮಸ್ಜಿದ್-ಎ-ಅಸ್ಕರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲಿಯವರೇ ಆದ ಆಗಾ ಅಲಿ ಅಸ್ಕರ್ ಅವರ ಹೆಸರು ಈಗಲೂ ಒಂದು ರಸ್ತೆಗಿದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಈ ಅಸ್ಕರ್ ಅವರ ಮೊಮ್ಮಗ. ಬೆಂಗಳೂರಿನ ಮೊಹರಂ ಮೆರವಣಿಗೆ ಕಂಡು ಇದೇನು ಹೊಸದು ಎನ್ನುವವರಿಗೆ ಈ ನಂಟು ನೆನಪಿರಲಿ.

ಮೆರವಣಿಗೆಯನ್ನಷ್ಟೇ ಕಂಡವರಿಗೆ ಎದೆ ಬಡಿದುಕೊಳ್ಳುವ ಮಾತಂ ಕಾಣುತ್ತದೆ, ಅದರ ಹಿಂದಿನ ಮಜ್ಲಿಸ್ ಎಂಬ ಶೋಕಸಭೆ ಕಾಣುವುದಿಲ್ಲ. ಮೊದಲ ಚಂದ್ರ ಕಂಡ ರಾತ್ರಿಯಿಂದ ದಿನವೂ ಇಮಾಂಬಾಡಾದಲ್ಲಿ, ಮನೆಗಳಲ್ಲಿ ಜನ ಸೇರುತ್ತಾರೆ. ನೆಲಕ್ಕೆ ಹಾಸು, ಗೋಡೆಗೆ ಕಪ್ಪು ಬಟ್ಟೆ, ಮೆಟ್ಟಿಲುಳ್ಳ ಮಿಂಬರ್. ಮಾತನಾಡುವ ಜಾಕಿರ್ ಮೊದಲು ಧರ್ಮ, ನ್ಯಾಯ, ನಡತೆಯ ವಿಚಾರ ಹೇಳುತ್ತಾರೆ. ಅದು ಪಾಠದ ಹಾಗೆ ಸಾಗುತ್ತದೆ, ಜನ ನಡುನಡುವೆ ಮೆಚ್ಚುಗೆಯ ದನಿ ಹೊರಡಿಸುತ್ತಾರೆ. ಕೊನೆಗೆ ಮಾತು ಕರ್ಬಲಾದತ್ತ ಹೊರಳುತ್ತದೆ. ಆಯಾ ದಿನಕ್ಕೆ ಆಯಾ ಹುತಾತ್ಮರ ಕಥೆ. ಏಳಕ್ಕೆ ಸಾಮಾನ್ಯವಾಗಿ ಹುಸೇನರ ಅಣ್ಣ ಹಸನರ ಮಗ, ಹದಿಹರೆಯದ ಕಾಸಿಂ; ಎಂಟಕ್ಕೆ ನೀರಿಗೆ ಹೋದ ಅಬ್ಬಾಸ್. ಎಲ್ಲರಿಗೂ ಗೊತ್ತಿರುವ ಕಥೆಯೇ. ಆದರೂ ಚೀಲ ತೂತಾಗಿ ನೀರು ಮಣ್ಣಿಗೆ ಸೋರಿದ ಮಾತು ಬರುವ ಹೊತ್ತಿಗೆ ಮುದುಕರಿಂದ ಹಿಡಿದು ಶಾಲೆಯ ಹುಡುಗರವರೆಗೆ ಬಿಕ್ಕುತ್ತಾರೆ. ಆಮೇಲೆ ನೋಹಾ ಎಂಬ ಶೋಕಗೀತೆ, ಅದರ ತಾಳಕ್ಕೆ ಮಾತಂ, ಹೊರಡುವಾಗ ಕೈಗೊಂದು ತಬರ್ರುಕ್, ಅಂದರೆ ಪ್ರಸಾದದ ಪೊಟ್ಟಣ. ಹೆಂಗಸರ ಮಜ್ಲಿಸ್ ಬೇರೆ ನಡೆಯುತ್ತದೆ, ಅಲ್ಲಿ ಮಿಂಬರ್ ಏರುವವರೂ ಹೆಂಗಸರೇ.

ಮೆರವಣಿಗೆಯ ರಕ್ತದ ಚಿತ್ರಗಳನ್ನು ಕಂಡು ಅಷ್ಟರಿಂದಲೇ ಇಡೀ ಸಮುದಾಯವನ್ನು ಅಳೆಯುವವರಿದ್ದಾರೆ. ರಕ್ತ ಹರಿಸಿಕೊಳ್ಳುವುದರ ಬಗ್ಗೆ ಶಿಯಾಗಳಲ್ಲೇ ತೀವ್ರ ಭಿನ್ನಮತವಿದೆ. ಇರಾನಿನ ಆಯತುಲ್ಲಾ ಖಾಮೆನೆಯಿ 1994ರಲ್ಲೇ ಅದು ಕೂಡದು ಎಂದಿದ್ದರು. ದೇಶದ ಹಲವು ಕಡೆ ಯುವಕರು ಅದರ ಬದಲು ಅಂದು ರಕ್ತದಾನ ಶಿಬಿರ ನಡೆಸುತ್ತಾರೆ. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸಬೀಲ್. ಬೀದಿ ಬದಿಗೆ ಮೇಜು ಹಾಕಿ ದಾರಿಹೋಕರಿಗೆಲ್ಲ ಜಾತಿ ಕೇಳದೆ ನೀರು, ಶರಬತ್ತು ಕೊಡುತ್ತಾರೆ. ಬಾಯಾರಿ ಸತ್ತವರ ನೆನಪಿಗೆ ಬಾಯಾರಿದವರಿಗೆ ನೀರು. ಶೋಕಕ್ಕೆ ಇದಕ್ಕಿಂತ ಒಳ್ಳೆಯ ರೂಪ ನನಗೆ ತಿಳಿದಿಲ್ಲ.

ಹತ್ತನೆಯ ದಿನಕ್ಕೆ ಶೋಕ ಮುಗಿಯುವುದೂ ಇಲ್ಲ. ನಲವತ್ತನೆಯ ದಿನ, ಸಫರ್ ತಿಂಗಳ ಇಪ್ಪತ್ತಕ್ಕೆ ಚೆಹಲುಂ. ರಬೀ ಉಲ್ ಅವ್ವಲ್ ಎಂಟರವರೆಗೆ, ಅಂದರೆ ಎರಡು ತಿಂಗಳು ಎಂಟು ದಿನ, ಶಿಯಾ ಮನೆಗಳಲ್ಲಿ ಮದುವೆಯಿಲ್ಲ, ಸಂಭ್ರಮದ ಖರೀದಿಯಿಲ್ಲ. ರಂಜಾನಿನ ನಡುವೆಯೂ ಅವರಿಗೆ ಶೋಕವಿದೆ. ಹುಸೇನರ ತಂದೆ ಅಲಿಯವರ ಮೇಲೆ ಕ್ರಿ.ಶ. 661ರಲ್ಲಿ ಕೂಫಾದ ಮಸೀದಿಯಲ್ಲಿ ಕತ್ತಿಯೇಟು ಬಿದ್ದದ್ದು ರಂಜಾನ್ 19ರಂದು, ಪ್ರಾಣ ಹೋದದ್ದು 21ಕ್ಕೆ. ಶಿವಾಜಿನಗರದಲ್ಲಿ ಹೊಸಬಟ್ಟೆಗೆ ನೂಕುನುಗ್ಗಲು ಇರುವ ಆ ದಿನಗಳಲ್ಲೇ ಶಿಯಾ ಮನೆಯವರು ಕಪ್ಪು ತೊಟ್ಟಿರುತ್ತಾರೆ.

ಉತ್ತರ ಬೆಂಗಳೂರಿನ ಮುಸ್ಲಿಮರಲ್ಲಿ ಹೆಚ್ಚಿನವರು ಸುನ್ನಿಗಳು. ಅವರೂ ಹುಸೇನರನ್ನು ಪ್ರೀತಿಯಿಂದ ನೆನೆಯುತ್ತಾರೆ, ಮಕ್ಕಳಿಗೆ ಅವರ ಹೆಸರಿಡುತ್ತಾರೆ. ಆದರೆ ಎದೆ ಬಡಿದುಕೊಂಡು ಅಳುವುದು ಕೂಡದೆಂಬುದು ಅವರ ವಿದ್ವಾಂಸರ ನಿಲುವು. ಅವರ ಪಾಲಿಗೆ ಮೊಹರಂ ಹತ್ತು ಉಪವಾಸದ ದಿನ. ಪ್ರವಾದಿ ಮೂಸಾ ಮತ್ತು ಅವರ ಜನ ಫರೋಹನಿಂದ ಪಾರಾದ ದಿನವೆಂಬ ನೆನಪೂ ಅದಕ್ಕಿದೆ. ಜತೆಗೆ ಒಂಬತ್ತನೆಯ ದಿನವೋ ಹನ್ನೊಂದನೆಯ ದಿನವೋ ಸೇರಿಸಿ ಎರಡು ದಿನ ಉಪವಾಸ ಇರುವುದು ರೂಢಿ. ಮೊಹರಂ ಒಂದು ಹಿಜರಿ ವರ್ಷದ ಮೊದಲ ದಿನವಾದ್ದರಿಂದ ಅಂದು ಹೊಸವರ್ಷದ ಶುಭ ಹಾರೈಸುವವರೂ ಇದ್ದಾರೆ. ಒಂದಕ್ಕೂ ಹತ್ತಕ್ಕೂ ಇರುವ ಈ ವ್ಯತ್ಯಾಸ ಶುಭಾಶಯ ಕಳಿಸುವವರಿಗೆ ಗೊತ್ತಿರಬೇಕು.

ಈದ್ ಮಿಲಾದ್ ಇನ್ನೊಂದು ಬಗೆ. ರಬೀ ಉಲ್ ಅವ್ವಲ್ 12 ಪ್ರವಾದಿಯವರು ಹುಟ್ಟಿದ ದಿನವೆಂದು ಸುನ್ನಿಗಳಲ್ಲಿ ಪ್ರಸಿದ್ಧ. ಶಿಯಾಗಳು 17 ಎನ್ನುತ್ತಾರೆ. ಕ್ರಿ.ಶ. 632ರಲ್ಲಿ ಅವರು ತೀರಿಕೊಂಡದ್ದೂ ಇದೇ ಹನ್ನೆರಡಕ್ಕೆ ಎಂಬ ಪರಂಪರೆಯಿದೆ. ಅದಕ್ಕೇ ಹಿಂದಿನ ತಲೆಮಾರಿನವರು ಅದನ್ನು ಬಾರಾ ವಫಾತ್ ಎಂದು ಕರೆದು ಫಾತಿಹಾ ಓದಿಸುತ್ತಿದ್ದರು. ಈಗ ಹಸಿರು ಬಾವುಟ, ದೀಪ, ಮೆರವಣಿಗೆ. ಹುಟ್ಟುಹಬ್ಬ ಆಚರಿಸುವುದೇ ಸಲ್ಲದು ಎನ್ನುವ ಮುಸ್ಲಿಮರೂ ಇದ್ದಾರೆ. ಶಬ್-ಎ-ಬರಾತ್ ಸರ್ಕಾರದ ಪರಿಮಿತ ರಜೆಗಳ ಪಟ್ಟಿಯಲ್ಲಿದೆ. ಶಾಬಾನ್ ತಿಂಗಳ ಹದಿನೈದನೆಯ ಆ ರಾತ್ರಿ ಜಯಮಹಲ್ ಬಳಿಯ ಖುದ್ದೂಸ್ ಸಾಹೇಬ್ ಖಬರಸ್ತಾನದಂಥ ಕಡೆ ಜನ ಹಿರಿಯರ ಗೋರಿಗಳಿಗೆ ಹೋಗಿ ಹೂ ಹಾಕಿ ಪ್ರಾರ್ಥಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಾಡಿನವರಿಗೆ ಇದು ಬಿಡಿಸಿ ಹೇಳದೆಯೇ ತಿಳಿಯುತ್ತದೆ.

ಹಾಗಾದರೆ ನಮ್ಮ ಹಳ್ಳಿಗಳ ಮೊಹರಂ? ಅದು ಹಬ್ಬವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ದೊಡ್ಡಬಳ್ಳಾಪುರ, ಕೋಲಾರ, ತುಮಕೂರು ಸೀಮೆಯ ಹಿರಿಯರ ಬಾಯಲ್ಲಿ ಅದು ಬಾಬಯ್ಯನ ಹಬ್ಬ. ಉತ್ತರ ಕರ್ನಾಟಕದಲ್ಲಿ ಅಲಾಯಿ ದೇವರುಗಳನ್ನು ಕೂರಿಸುತ್ತಾರೆ. ಬೆಳ್ಳಿ ಹಿತ್ತಾಳೆಯ, ಅಂಗೈ ಆಕಾರದ ಪಂಜಾಗಳಿಗೆ ಬಣ್ಣದ ಬಟ್ಟೆ ಸುತ್ತಿ ಹೂ ಏರಿಸುತ್ತಾರೆ. ಎದುರಿಗೆ ಗುಂಡಿ ತೋಡಿ ಕಿಚ್ಚು ಹಚ್ಚಿ ಸುತ್ತ ಹೆಜ್ಜೆ ಹಾಕುತ್ತಾರೆ, ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಮನೆಮನೆಯಲ್ಲಿ ಗೋಧಿಹಿಟ್ಟು ಬೆಲ್ಲದ ಚೊಂಗೆ ಕರಿದು ಓದಿಕೆ ಮಾಡಿಸುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂಗೆ ಹೊರರಾಜ್ಯಗಳಿಂದಲೂ ಜನ ಬರುತ್ತಾರೆ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದೆ ಹಿಂದೂಗಳೇ ಮಸೀದಿ ನೋಡಿಕೊಂಡು ಮೊಹರಂ ಮಾಡುತ್ತಾರೆ. ಹುಸೇನಪ್ಪ, ಫಕೀರಪ್ಪ ಎಂಬ ಹೆಸರುಗಳು ಹಿಂದೂ ಮನೆಗಳಲ್ಲಿ ಹುಟ್ಟಿದ್ದು ಇಂಥ ಹರಕೆಗಳಿಂದ.

ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದ ದಖ್ಖನಿನಲ್ಲಿ ಬೇರೂರಿದ ಶೋಕವನ್ನು ನಮ್ಮ ಜನ ತಮ್ಮ ರೀತಿಯಲ್ಲಿ ತಮ್ಮದಾಗಿಸಿಕೊಂಡರು. ಅದನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ. ಹಳ್ಳಿಯವನು ಹಬ್ಬವೆಂದರೂ ದೇವರು ಹೊಳೆಗೆ ಹೋಗುವಾಗ ಅವನ ಕಣ್ಣೂ ಒದ್ದೆಯಾಗುತ್ತದೆ, ಸತ್ತವರು ಯಾರು, ಯಾಕೆ ಸತ್ತರು ಎಂಬುದು ಅವನ ಪದದಲ್ಲೇ ಇರುತ್ತದೆ. ಫ್ಲೆಕ್ಸ್ ಹಾಕುವ ನಗರದವನಿಗೆ ಅದೊಂದೂ ಗೊತ್ತಿಲ್ಲ. ನನ್ನ ತಕರಾರು ಅವನ ಬಗ್ಗೆಯೇ.

ವರ್ಷದ ಶೋಕದ ಜತೆಗೆ ಮನೆಯ ಸಾವಿನ ಶೋಕವೂ ಇದೆ, ನೆರೆಯವರಾಗಿ ನಮಗೆ ಹೆಚ್ಚು ಎದುರಾಗುವುದು ಅದೇ. ಇಸ್ಲಾಮಿನಲ್ಲಿ ಸತ್ತವರನ್ನು ತಡಮಾಡದೆ ಮಣ್ಣು ಮಾಡುತ್ತಾರೆ, ಬೆಳಗ್ಗೆ ಹೋದವರ ದಫನ್ ಅನೇಕ ವೇಳೆ ಅದೇ ದಿನ ಸಂಜೆಗೆ ಮುಗಿದಿರುತ್ತದೆ. ನಾಳೆ ಹೋಗಿ ಮುಖ ನೋಡೋಣ ಎಂದುಕೊಂಡರೆ ಆಗುವುದಿಲ್ಲ. ಬಂಧುಗಳಿಗೆ ಶೋಕ ಮೂರು ದಿನ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಆ ಅವಧಿಯಲ್ಲಿ ಆಕೆ ಒಡವೆ, ಅಲಂಕಾರ ಬಿಟ್ಟು ಮನೆಯಲ್ಲಿರುತ್ತಾಳೆ. ಆಕೆ ಕೆಲಸಕ್ಕೆ ಬರುವವಳಾದರೆ ಕಚೇರಿಯವರು, ಮನೆಯೊಡತಿಯರು ಇದನ್ನು ಅರಿತು ನಡೆದುಕೊಳ್ಳಬೇಕು. ಮೂರನೆಯ ದಿನದ ಜಿಯಾರತ್, ನಲವತ್ತರ ಚೆಹಲುಂ ಹಲವು ಮನೆಗಳಲ್ಲಿ ಉಂಟು, ಕೆಲವರು ಇವನ್ನು ಒಪ್ಪುವುದಿಲ್ಲ.

ಸಾವಿನ ಮನೆಯವರು ತಾವೇ ಅಡುಗೆ ಮಾಡಬಾರದು, ನೆರೆಯವರು ಕಳಿಸಬೇಕು ಎಂಬುದು ಪ್ರವಾದಿಯವರೇ ಹಾಕಿಕೊಟ್ಟ ನಡಾವಳಿ. ಕ್ರಿ.ಶ. 629ರಲ್ಲಿ ಅವರ ದಾಯಾದಿ ಜಾಫರ್ ಮುಅ್ತಾ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ, ಜಾಫರರ ಮನೆಗೆ ಊಟ ಮಾಡಿ ಕಳಿಸಿ, ಅವರಿಗೆ ಅಡುಗೆಯ ಮೇಲೆ ಗಮನವಿಲ್ಲ ಎಂದು ಅವರು ಹೇಳಿದರೆಂದು ಹದೀಸ್‌ಗಳಲ್ಲಿದೆ. ನಮ್ಮಲ್ಲೂ ಸೂತಕದ ಮನೆಯ ಒಲೆ ಹೊತ್ತುವುದಿಲ್ಲ, ಬೀಗರೋ ನೆಂಟರೋ ಅನ್ನ ಸಾರು ತರುತ್ತಾರೆ. ಪಕ್ಕದ ಮನೆಯಲ್ಲಿ ಸಾವಾದರೆ ಏನು ಮಾಡಬೇಕು, ನಾವು ಕೊಟ್ಟದ್ದನ್ನು ತಿನ್ನುತ್ತಾರೋ ಇಲ್ಲವೋ ಎಂದು ಹಿಂಜರಿಯಬೇಡಿ. ಒಂದು ಪಾತ್ರೆ ಚಿತ್ರಾನ್ನ, ಒಂದು ಫ್ಲಾಸ್ಕ್ ಟೀ ತೆಗೆದುಕೊಂಡು ಹೋಗಿ.

ಬರುವ ಮೊಹರಂಗೆ ನನ್ನ ಬಿನ್ನಹ ಇಷ್ಟು. ಫ್ಲೆಕ್ಸ್ ಹಾಕಲೇಬೇಕೆನ್ನುವ ಮುಖಂಡರು ಶುಭಾಶಯ ತೆಗೆದು ‘ಹುತಾತ್ಮ ಹುಸೇನರ ಸ್ಮರಣೆ’ ಎಂದು ಬರೆಸಲಿ, ನಗುವ ಮುಖದ ಫೋಟೊ ಬಿಡಲಿ. ಅಪಾರ್ಟ್‌ಮೆಂಟ್ ಸಂಘದವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಟಾಕಿ, ಹೂಗುಚ್ಛದ ಚಿತ್ರ ಹಾಕದಿರಲಿ. ಶಾಲೆಯವರು ಆ ದಿನವನ್ನು ಮಕ್ಕಳಿಗೆ ವಿವರಿಸುವಾಗ ಕರ್ಬಲಾದ ಕಥೆಯನ್ನು ನಾಲ್ಕು ಮಾತಲ್ಲಾದರೂ ಹೇಳಲಿ. ನಿಮ್ಮ ಗೆಳೆಯರು ಶಿಯಾಗಳೋ ಸುನ್ನಿಗಳೋ, ಅಂದು ಅವರ ಮನೆಯಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ತಿಳಿಯದಿದ್ದರೆ ಅವರನ್ನೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ದಾರಿಯಲ್ಲಿ ಸಬೀಲ್ ಕಂಡರೆ ಗಾಡಿ ನಿಲ್ಲಿಸಿ ಒಂದು ಲೋಟ ಶರಬತ್ತು ಕುಡಿದೇ ಮುಂದೆ ಹೋಗಿ.